ಹುಳಿಯೂ ಮದವೂ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಜೋಳದ ಹಿಟ್ಟನ್ನು ಗಡಿಗೆಯಲ್ಲಿ ಹುಳಿಯಲಿಟ್ಟು ಅಂಬಲಿ ಕಾಸುವ ಗೃಹಿಣಿಯನ್ನು ಯಾರೂ ದೂಷಿಸರು. ಅದೇ ಜೋಳವನ್ನು ಮೊಳೆಯಿಸಿ, ಕುದಿಸಿ, ಅದೇ ಗಡಿಗೆಯಲ್ಲಿ ಕೆಲವು ದಿನವಿಟ್ಟರೆ ಮದ್ಯವಾಗುವುದು. ಮೊಳಕೆಯಿಂದ ಪಿಷ್ಟವು ಸಕ್ಕರೆಯಾಗಿ, ಯೀಸ್ಟೆಂಬ ಸೂಕ್ಷ್ಮಜೀವಿಯು ಆ ಸಕ್ಕರೆಯನ್ನು ಮದ್ಯಸಾರವಾಗಿಸುವುದು. ಅಂಬಲಿಯಲ್ಲಿಯಾದರೋ ಬೇರೆ ಜಾತಿಯ ಜೀವಿಗಳು ಹುಳಿಯನ್ನು ಹುಟ್ಟಿಸುವುವು. ಇಷ್ಟೇ ಭೇದವು. ಆದರೂ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯ ಮೇರೆಗೆ ಅಪರಾಧ. ಹಾಗಾದರೆ ದೋಷವೆಲ್ಲಿದೆ?

ಪ್ರಾಚೀನರು ಏಕಮತರಲ್ಲ. ಮನುವು ಗೌಡೀ, ಪೈಷ್ಟೀ, ಮಾಧ್ವೀ ಎಂಬ ಮೂರು ಬಗೆಯ ಸುರೆಯನ್ನೂ ದ್ವಿಜೋತ್ತಮರಿಗೆ ನಿಷೇಧಿಸಿದನು. ಕೌಟಿಲ್ಯನು ಗೃಹಸ್ಥರು ವಿಶೇಷ ಕಾರ್ಯಗಳಿಗೆ ಬಿಳಿಯ ಸುರೆಯನ್ನೂ ಔಷಧಕ್ಕೆ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದನು; ಉತ್ಸವ ಯಾತ್ರೆಗಳಲ್ಲಿ ನಾಲ್ಕು ದಿನ ಸಡಿಲು ಕೊಟ್ಟನು. ಅವನ ಕಣ್ಣು ಬೊಕ್ಕಸದ ಮೇಲೂ ಇದ್ದಿತೆನ್ನಿ! ಇಂಗ್ಲೆಂಡಿನಲ್ಲಿ ಸ್ವಂತಕ್ಕೆ ಬೀರು ಕಾಸಲು ಬೇಕಾಗಿದ್ದ ಪರವಾನಗಿಯು 1963ರಲ್ಲಿ ರದ್ದಾಯಿತು; ಮೊಳೆತ ಯವದ ಗಟ್ಟಿ ಪಾಕವು ಅಲ್ಲಿ ಡಬ್ಬಿಗಳಲ್ಲಿ ದೊರೆಯುವುದು.

ರಾಜ್ಯದ ಗಡಿ ದಾಟಿದೊಡನೆ ಅಳಿಯುವ ಅಪರಾಧವನ್ನು ಪಾಪವೆನ್ನುವುದು ಕಷ್ಟ. ಆದರೆ ಅಂಬಲಿಯು ಹಸಿವನ್ನು ತಣಿಸುವುದು, ಮದ್ಯವು ಆಸೆಯನ್ನು ಬೆಳೆಸುವುದು. ಕುಡಿಯದವರೂ ಅದರ ಬೆಲೆ ತೆರುವರು. ಕೂಲಿಯ ಮನೆಯಲ್ಲಿ ಗಡಿಗೆಗೆ ಬಿದ್ದ ಜೋಳವು ಮಕ್ಕಳ ರೊಟ್ಟಿಯಿಂದ ಬಂದುದು. ಉಳ್ಳವರ ಮನೆಯಲ್ಲಿ ಜೋಳವು ಮಿಗುವುದರಿಂದ ಈ ವಾದವು ಅಲ್ಲಿ ನಿಲ್ಲದು. ಅಲ್ಲಿ ಕೇಳತಕ್ಕುದು ಬೇರೆ: ಗಡಿಗೆಯ ಬಾಯಿ ಕಟ್ಟಿ ಮೂಲೆಯಲ್ಲಿಟ್ಟವನು ಮನೆಯಾಕೆಗೆ ತಿಳಿಸಿಯೇ ಇಟ್ಟನೆ?