ಜಾತಿಯೋ ಉಪಾಧಿಯೋ: ರೆಬೆಕಾ ಲ್ಯಾನ್ಸ್‌ಫೀಲ್ಡ್ ಮತ್ತು ರೋಗಾಣುಗಳ ವಿಂಗಡಣೆ

ಹಲವು ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುವಾಗ ಅವುಗಳಲ್ಲಿ ಒಂದೇ ಆದ ಏನಾದರೂ ನಿಜವಾಗಿ ಇರುತ್ತದೆಯೇ, ಅಥವಾ ಆ ಒಂದುತನವೆಲ್ಲ ಹೆಸರಿಟ್ಟವರ ಕಡೆಯಿಂದ ಬಂದದ್ದೇ? ಭಾರತದ ದರ್ಶನಕಾರರು ಈ ಪ್ರಶ್ನೆಯ ಮೇಲೆ ಶತಮಾನಗಳ ಕಾಲ ವಾದ ನಡೆಸಿದ್ದಾರೆ. ನ್ಯಾಯ-ವೈಶೇಷಿಕರ ಪ್ರಕಾರ ಎಲ್ಲ ಹಸುಗಳಲ್ಲೂ ಗೋತ್ವ ಎಂಬ ಜಾತಿ ಇದೆ. ಅದು ನಿತ್ಯ, ಒಂದೇ, ಅನೇಕ ವ್ಯಕ್ತಿಗಳಲ್ಲಿ ಸಮವಾಯದಿಂದ, ಅಂದರೆ ಬಿಡಿಸಲಾಗದ ಸಂಬಂಧದಿಂದ, ನೆಲೆಸಿರುವಂಥದ್ದು. ಹಸು ಸತ್ತರೂ ಗೋತ್ವ ಸಾಯುವುದಿಲ್ಲ. ಬೌದ್ಧ ತಾರ್ಕಿಕ ದಿಙ್ನಾಗ ಇದನ್ನು ಒಪ್ಪಲಿಲ್ಲ. ‘ಹಸು’ ಎಂಬ ಮಾತು ಹಸುವಲ್ಲದ್ದನ್ನು ಹೊರಗಿಡುತ್ತದೆ, ಅಷ್ಟೇ. ಅದರಾಚೆ ಗೋತ್ವವೆಂಬ ಪದಾರ್ಥವೊಂದು ಬೇಕಿಲ್ಲ ಎಂಬುದು ಅವನ ಅಪೋಹವಾದ. ಹಸುವಿನ ಮಟ್ಟಿಗೆ ಈ ವಾದದಲ್ಲಿ ಯಾರು ಗೆದ್ದರೂ ಕೊಟ್ಟಿಗೆಯ ಕೆಲಸ ನಿಲ್ಲುವುದಿಲ್ಲ. ರೋಗಾಣುಗಳ ವಿಷಯ ಹಾಗಲ್ಲ. ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಎಂಬ ತೀರ್ಮಾನದ ಮೇಲೆ ಅಲ್ಲಿ ಚಿಕಿತ್ಸೆ, ಲಸಿಕೆ, ಸಾಂಕ್ರಾಮಿಕದ ಎಚ್ಚರಿಕೆ ಎಲ್ಲವೂ ನಿಂತಿವೆ.

ಬ್ಯಾಕ್ಟೀರಿಯಾಗಳಲ್ಲಿ ಪ್ರಭೇದಗಳಿವೆ ಎಂಬುದೇ 19ನೇ ಶತಮಾನದಲ್ಲಿ ಖಚಿತವಾಗಿರಲಿಲ್ಲ. ಜರ್ಮನಿಯ ಫರ್ಡಿನಾಂಡ್ ಕೋನ್ 1872ರಲ್ಲಿ ಅವುಗಳಿಗೂ ಸ್ಥಿರವಾದ ಬಗೆಗಳಿವೆ ಎಂದು ವಿಂಗಡಿಸಿ ತೋರಿಸಿದ. ಕಾರ್ಲ್ ನೇಗೆಲಿ ಅದನ್ನು ಅಲ್ಲಗಳೆದ: ಇವು ಪರಿಸರಕ್ಕೆ ತಕ್ಕಂತೆ ರೂಪ, ಗುಣ ಎರಡನ್ನೂ ಬದಲಿಸುತ್ತವೆ, ಇಂದು ಹಾಲು ಹುಳಿಸಿದ್ದು ನಾಳೆ ರೋಗ ತರಬಹುದು. ರಾಬರ್ಟ್ ಕೋಕ್ ಕೋನ್‌ನ ಪಕ್ಷ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ರೋಗಕ್ಕೆ ಒಂದು ನಿರ್ದಿಷ್ಟ ರೋಗಾಣು ಎಂದು ಹೇಳಬೇಕಾದರೆ ಮೊದಲು ಆ ರೋಗಾಣು ಬದಲಾಗದೆ ಅದೇ ಆಗಿ ಉಳಿಯಬೇಕು. ರೋಗಾಣು ಸಿದ್ಧಾಂತವೆಂಬ ಇಡೀ ಕಟ್ಟಡದ ಅಡಿಯಲ್ಲಿ, ಯಾರೂ ಹೆಸರಿಸದಿದ್ದರೂ, ಜಾತಿಯ ಸ್ಥಿರತೆಯೆಂಬ ತಾತ್ವಿಕ ನಂಬಿಕೆಯಿತ್ತು.

ಆ ನಂಬಿಕೆಯನ್ನು ಆರು ದಶಕಗಳ ಕಾಲ ದಿನನಿತ್ಯದ ದುಡಿಮೆಯಲ್ಲಿ ಒರೆಗೆ ಹಚ್ಚಿದವರು ರೆಬೆಕಾ ಲ್ಯಾನ್ಸ್‌ಫೀಲ್ಡ್. 1895ರಲ್ಲಿ ನ್ಯೂಯಾರ್ಕ್‌ನ ಫೋರ್ಟ್ ವಾಡ್ಸ್‌ವರ್ತ್‌ನಲ್ಲಿ ಜನಿಸಿದ ಅವರು 1918ರಲ್ಲಿ ರಾಕ್‌ಫೆಲರ್ ಸಂಸ್ಥೆಯಲ್ಲಿ ಓಸ್ವಾಲ್ಡ್ ಏವರಿ ಮತ್ತು ಆಲ್ಫೋನ್ಸ್ ಡೋಷೆ ಅವರ ಸಹಾಯಕಿಯಾಗಿ ಸೇರಿದರು. ಮೊದಲ ಮಹಾಯುದ್ಧದ ಸೇನಾ ಶಿಬಿರಗಳಲ್ಲಿ ಸೈನಿಕರನ್ನು ಬಲಿ ತೆಗೆದುಕೊಂಡ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಒಂದೇ ಬಗೆಯದೋ ಹಲವು ಬಗೆಯದೋ ಎಂಬುದು ಅವರ ಮುಂದಿದ್ದ ಪ್ರಶ್ನೆ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ: ದುಂಡನೆಯ ಕಣಗಳ ಸರಮಾಲೆ. ರಕ್ತ ಬೆರೆಸಿದ ಅಗಾರ್ ಮೇಲೆ ಬೆಳೆಸಿದಾಗ ಕೆಂಪು ರಕ್ತಕಣಗಳನ್ನು ಕರಗಿಸುತ್ತವೆಯೋ ಇಲ್ಲವೋ ಎಂಬ ಒರಟು ಭೇದವೇ ಆಗ ಮುಖ್ಯವಾಗಿ ಕೈಯಲ್ಲಿತ್ತು.

ಲ್ಯಾನ್ಸ್‌ಫೀಲ್ಡ್ ಹಿಡಿದ ದಾರಿ ಸರಳವೆನಿಸಿದರೂ ಬಲು ತಾಳ್ಮೆ ಬೇಡುವಂಥದ್ದು. ಬ್ಯಾಕ್ಟೀರಿಯಾಗಳನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಸತ್ವ ತೆಗೆಯುವುದು. ಮೊಲಗಳಿಂದ ಪಡೆದ ಪ್ರತಿಕಾಯಗಳುಳ್ಳ ಸೀರಮ್ಮಿಗೆ ಕೂದಲೆಳೆಯಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ಅದನ್ನು ಸೇರಿಸುವುದು. ಬಿಳಿಯ ಒತ್ತರ ಕಟ್ಟಿದರೆ ಎರಡಕ್ಕೂ ಹೊಂದಾಣಿಕೆ ಇದೆ ಎಂದರ್ಥ. 1933ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ರಕ್ತಕಣ ಕರಗಿಸುವ ಸ್ಟ್ರೆಪ್ಟೊಕಾಕಸ್‌ಗಳನ್ನು ಎ ಯಿಂದ ಇ ವರೆಗಿನ ಗುಂಪುಗಳಾಗಿ ಬೇರ್ಪಡಿಸಿತು. ಅಚ್ಚರಿಯೆಂದರೆ, ರಾಸಾಯನಿಕ ಪರೀಕ್ಷೆಯೊಂದರಿಂದ ಹುಟ್ಟಿದ ಈ ಗುಂಪುಗಳು ಜೀವಿಗಳ ವಾಸಸ್ಥಾನಕ್ಕೂ ಹೆಚ್ಚುಕಡಿಮೆ ತಾಳೆಯಾದವು. ಮನುಷ್ಯರ ರೋಗಗಳಿಂದ ಬಂದವು ಬಹುಪಾಲು ಎ, ಹಸುಗಳ ಕೆಚ್ಚಲು ಬಾವಿನವು ಬಿ, ಇತರ ಪ್ರಾಣಿಗಳವು ಸಿ, ಚೀಸ್‌ನಿಂದ ಬಂದವು ಡಿ, ಹಾಲಿನವು ಇ. ಗುಂಪನ್ನು ನಿರ್ಧರಿಸುವ ವಸ್ತು ಕೋಶಭಿತ್ತಿಯ ಒಂದು ಸಕ್ಕರೆ ಸರಪಳಿ. ಎ ಗುಂಪಿಗೂ ಸಿ ಗುಂಪಿಗೂ ನಡುವಿನ ವ್ಯತ್ಯಾಸ ಆ ಸರಪಳಿಗೆ ಅಂಟಿದ ಒಂದು ಸಕ್ಕರೆಯಲ್ಲಿದೆ. ಇಷ್ಟು ಸಣ್ಣ ಗುರುತು ಅಷ್ಟು ದೊಡ್ಡ ಭೇದವನ್ನು ಹೇಳಬಲ್ಲುದಾದರೆ, ಅಲ್ಲಿ ಜಾತಿಯೇ ಸಿಕ್ಕಿತು ಎಂದು ನೈಯಾಯಿಕನೊಬ್ಬ ಸಂಭ್ರಮಿಸಿದ್ದರೆ ತಪ್ಪೆನ್ನಲಾಗದು.

ಆದರೆ ಎ ಗುಂಪಿನ ಒಳಗಿನ ಕಥೆ ಬೇರೆ. ಇಲ್ಲಿ ಲ್ಯಾನ್ಸ್‌ಫೀಲ್ಡ್ ಎಂ ಎಂಬ ಪ್ರೋಟೀನ್ ಆಧಾರದ ಮೇಲೆ ಉಪಬಗೆಗಳನ್ನು ಗುರುತಿಸಿದರು. ಅದೇ ಹೊತ್ತಿಗೆ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಬೇರೊಂದು ವಿಧಾನದಿಂದ ಬಗೆಗಳನ್ನು ಪಟ್ಟಿಮಾಡಿದ್ದ. ಎರಡೂ ಪಟ್ಟಿಗಳು ಪೂರ್ತಿ ಕೂಡಿಬರಲಿಲ್ಲ. ಗ್ರಿಫಿತ್‌ನ ಪರೀಕ್ಷೆಯಲ್ಲಿ ಟಿ ಎಂಬ ಇನ್ನೊಂದು ಪ್ರೋಟೀನಿನ ಪಾಲೂ ಇದೆ, ಅದು ಎಂ ಜೊತೆ ಕಟ್ಟುಬಿದ್ದಿಲ್ಲ, ಒಂದೇ ಟಿ ಹಲವು ಎಂ ಬಗೆಗಳಲ್ಲಿ ಕಾಣಿಸಬಹುದು ಎಂದು ಲ್ಯಾನ್ಸ್‌ಫೀಲ್ಡ್ ತೋರಿಸಿದರು. ಇಂಥ ತೊಡಕು ನೈಯಾಯಿಕರಿಗೆ ಹೊಸತಲ್ಲ. ಹತ್ತನೇ ಶತಮಾನದ ಉದಯನಾಚಾರ್ಯ ‘ಕಿರಣಾವಲಿ’ಯಲ್ಲಿ ಆರು ಜಾತಿಬಾಧಕಗಳನ್ನು, ಅಂದರೆ ಒಂದು ಧರ್ಮ ಜಾತಿಯೆನಿಸದಂತೆ ತಡೆಯುವ ಕಾರಣಗಳನ್ನು, ಹೇಳುತ್ತಾನೆ, ಅವುಗಳಲ್ಲಿ ಸಂಕರವೂ ಒಂದು. ಎರಡು ಧರ್ಮಗಳು ಕೆಲವೆಡೆ ಒಟ್ಟಿಗೂ ಕೆಲವೆಡೆ ಒಂದನ್ನು ಬಿಟ್ಟು ಇನ್ನೊಂದೂ ಇದ್ದರೆ ಅವೆರಡೂ ಜಾತಿಗಳಾಗಲಾರವು. ಅಂಥದ್ದು ಉಪಾಧಿ, ಅಂದರೆ ವ್ಯವಹಾರಕ್ಕೆ ಒದಗುವ ಸಾಮಾನ್ಯ ಗುರುತು ಮಾತ್ರ. ಎಂ ಮತ್ತು ಟಿಗಳ ಸಂಬಂಧ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ.

ಹಾಗಾದರೆ ಎಂ, ಟಿ ಎರಡರಲ್ಲಿ ಯಾವುದನ್ನು ಆರಿಸಬೇಕು? ಲ್ಯಾನ್ಸ್‌ಫೀಲ್ಡ್ ಕೊಟ್ಟ ಉತ್ತರ ಫಲವನ್ನು ನೋಡಿ ಕೊಟ್ಟದ್ದು. ಎಂ ಪ್ರೋಟೀನ್ ಬಿಳಿರಕ್ತಕಣಗಳು ರೋಗಾಣುವನ್ನು ನುಂಗದಂತೆ ತಡೆಯುತ್ತದೆ; ದೇಹದ ರಕ್ಷಣೆ ಹುಟ್ಟುವುದು ಅದರ ವಿರುದ್ಧ. ಟಿ ವಿರುದ್ಧದ ಪ್ರತಿಕಾಯಗಳಿಗೆ ಆ ಶಕ್ತಿಯಿಲ್ಲ. ಒಂದು ಎಂ ಬಗೆಯಿಂದ ನರಳಿ ಗುಣವಾದವರು ಆ ಬಗೆಗೆ ವರ್ಷಾನುಗಟ್ಟಲೆ ಜಗ್ಗುವುದಿಲ್ಲ, ಆದರೆ ಇನ್ನೊಂದು ಬಗೆ ಎದುರಾದರೆ ಮತ್ತೆ ಗಂಟಲು ನೋವು ತಪ್ಪಿದ್ದಲ್ಲ. ಈ ಗಂಟಲು ನೋವಿನ ಬೆನ್ನಲ್ಲೇ ಬರಬಹುದಾದ ರುಮ್ಯಾಟಿಕ್ ಜ್ವರ ಅದೇ ಮಗುವಿಗೆ ಮರುಕಳಿಸಿ ಹೃದಯದ ಕವಾಟಗಳನ್ನು ಕೆಡಿಸುವುದು ಹೇಗೆಂದು ಇದರಿಂದ ತಿಳಿಯಿತು. ಇಂದು ಇಂಥ 200ಕ್ಕೂ ಹೆಚ್ಚು ಬಗೆಗಳು ಗೊತ್ತಿವೆ. ಲಸಿಕೆ ಇನ್ನೂ ಕೈಗೆಟುಕದಿರಲು ಅದೂ ಒಂದು ಕಾರಣ.

ಈ ಉತ್ತರಕ್ಕೆ ಹತ್ತಿರದ ಮಾತನ್ನು ಏಳನೇ ಶತಮಾನದ ಧರ್ಮಕೀರ್ತಿ ಆಡಿದ್ದಾನೆ. ಜ್ವರ ಇಳಿಸುವ ಹಲವು ಮೂಲಿಕೆಗಳು ಒಂದಕ್ಕೊಂದು ಪೂರ್ತಿ ಬೇರೆ. ಅವುಗಳಲ್ಲಿ ಜ್ವರಹರತ್ವ ಎಂಬ ಒಂದೇ ಜಾತಿ ನೆಲೆಸಿಲ್ಲ. ಆದರೂ ಒಂದೇ ಕಾರ್ಯ ಮಾಡುವುದರಿಂದ ಅವನ್ನು ಒಟ್ಟುಗೂಡಿಸುತ್ತೇವೆ. ಅವನಿಗೆ ವಸ್ತುವಿನ ಸತ್ಯವೆಂದರೆ ಅರ್ಥಕ್ರಿಯೆ, ಕಾರ್ಯ ಸಾಧಿಸುವ ಶಕ್ತಿ. ವಿಂಗಡಣೆ ಮನಸ್ಸಿನದು, ಆದರೆ ಕಂಡಕಂಡಂತೆ ಮಾಡಿದ ವಿಂಗಡಣೆ ಕಾರ್ಯ ಕೊಡುವುದಿಲ್ಲ.

ಜಾತಿಯ ನಿತ್ಯತ್ವಕ್ಕಂತೂ ಪೆಟ್ಟು ಬಿದ್ದದ್ದು ಅದೇ ಗ್ರಿಫಿತ್‌ನ ಕೈಯಿಂದ. 1928ರಲ್ಲಿ ಅವನು ಕಾಯಿಸಿ ಕೊಂದ ಒಂದು ಬಗೆಯ ನ್ಯುಮೋಕಾಕಸ್ (ನ್ಯುಮೋನಿಯಾದ ಬ್ಯಾಕ್ಟೀರಿಯಾ) ಜೊತೆ ರೋಗ ತರದ ಇನ್ನೊಂದು ಬಗೆಯ ಜೀವಂತ ನ್ಯುಮೋಕಾಕಸ್ ಅನ್ನು ಇಲಿಗಳಿಗೆ ಚುಚ್ಚಿದ. ಇಲಿಗಳು ಸತ್ತವು, ಅವುಗಳ ರಕ್ತದಲ್ಲಿ ಸಿಕ್ಕಿದ್ದು, ಸತ್ತ ಬಗೆಯ ಕವಚ ತೊಟ್ಟ ಜೀವಂತ ಬ್ಯಾಕ್ಟೀರಿಯಾ. ಬಗೆಗಳ ಸ್ಥಿರತೆಯ ಮೇಲೆಯೇ ತನ್ನ ಕೆಲಸ ಕಟ್ಟಿಕೊಂಡಿದ್ದ ಏವರಿಗೆ ಮೊದಮೊದಲು ಇದು ನಂಬಲಾಗದ ಸಂಗತಿಯಾಗಿತ್ತು. 1944ರಲ್ಲಿ ಅವರದೇ ತಂಡ, ಒಂದು ಬಗೆಯನ್ನು ಇನ್ನೊಂದಾಗಿಸುವ ಆ ವಸ್ತು ಡಿಎನ್‌ಎ ಎಂದು ತೋರಿಸಿತು. ನೇಗೆಲಿ ಹೇಳಿದ್ದರಲ್ಲಿ ಒಂದಂಶ ನಿಜವಾಗಿತ್ತು, ಅವನು ಊಹಿಸಿದ ರೀತಿಯಲ್ಲಲ್ಲ.

ಬಗೆಗಳು ಹೀಗೆ ಬದಲಾಗುವುದರ ಬೆಲೆ ಏನೆಂದು ತಿಳಿದದ್ದು ಭಾರತದಲ್ಲಿ. ಕಾಲರಾ ಸಾಂಕ್ರಾಮಿಕ ತರುವುದು ವಿಬ್ರಿಯೋ ಕಾಲರೇಯ ಓ1 ಗುಂಪು ಮಾತ್ರ ಎಂದು ಅದುವರೆಗಿನ ಪಾಠ. ಉಳಿದೆಲ್ಲವಕ್ಕೂ ‘ಓ1 ಅಲ್ಲದವು’ ಎಂದೇ ಹೆಸರು, ಅಪ್ಪಟ ಅಪೋಹ. 1992ರ ಕೊನೆಗೆ ಮದ್ರಾಸಿನಲ್ಲಿ ಕಾಣಿಸಿಕೊಂಡು ಬಂಗಾಳದ ಕಡೆ ಹಬ್ಬಿದ ಕಾಲರಾದ ರೋಗಾಣು ಓ1 ಸೀರಮ್ಮಿಗೆ ಸ್ಪಂದಿಸಲೇ ಇಲ್ಲ. ಆವರೆಗೆ ಗೊತ್ತಿದ್ದ 138 ಗುಂಪುಗಳಲ್ಲಿ ಯಾವುದಕ್ಕೂ ಅದು ಸೇರದೆ, ಓ139 ಎನಿಸಿಕೊಂಡಿತು. ಹಳೆಯ ಕಾಲರಾದಿಂದ ರಕ್ಷಣೆ ಪಡೆದಿದ್ದ ವಯಸ್ಕರೂ ಹಾಸಿಗೆ ಹಿಡಿದರು. ಆಮೇಲೆ ತಿಳಿದಂತೆ, ಓ1ರ ಎಲ್ ಟಾರ್ ವಂಶವೇ ಹೊರಮೈಯ ಸಕ್ಕರೆಯ ಜೀನುಗಳನ್ನು ಬದಲಿಸಿಕೊಂಡು ಬಂದಿತ್ತು. ಒಳಗೆ ಅದೇ ಕಾಲರಾ. ಹೊರಗಿಡುವ ಹೆಸರು ಮಾತ್ರ ಅದನ್ನು ಹೊರಗಿಟ್ಟಿತ್ತು.

ಅಪೋಹವಾದಕ್ಕೆ ಇಲ್ಲೊಂದು ತೊಡಕಿದೆ. ಹೊರಗಿಡುವುದಷ್ಟೇ ಹೆಸರಿನ ಕೆಲಸವಾದರೆ, ಕೆಲವು ಗುರುತುಗಳು ಮುಂದಿನದನ್ನು ಸರಿಯಾಗಿ ಊಹಿಸಿ ಕೊಡುವುದು, ಕೆಲವು ಕೈಕೊಡುವುದು ಏಕೆ? ಇದಕ್ಕೆ ವಂಶಾವಳಿ ಎಂಬುದು ಇಂದಿನ ಜೀವವಿಜ್ಞಾನದ ಉತ್ತರ: ಒಂದೇ ಪೂರ್ವಜನಿಂದ ಬಂದವು ಹಲವು ಗುಣಗಳನ್ನು ಒಟ್ಟಿಗೆ ಹೊತ್ತು ತರುತ್ತವೆ. ಲ್ಯಾನ್ಸ್‌ಫೀಲ್ಡ್ ಅವರ ಗುಂಪುಗಳಲ್ಲಿ ಎ ಮತ್ತು ಬಿ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಉಳಿದುಕೊಂಡವು. ಒಂದೊಂದು ಗುಂಪೂ ಹೆಚ್ಚುಕಡಿಮೆ ಒಂದೊಂದು ಪ್ರಭೇದ. ದನಗಳದೆಂದು ಗುರುತಾಗಿದ್ದ ಬಿ ನವಜಾತ ಶಿಶುಗಳ ನಂಜಿನ ದೊಡ್ಡ ಕಾರಣವೆಂದು 1970ರ ದಶಕದಲ್ಲಿ ಸ್ಪಷ್ಟವಾಯಿತು. ಡಿ ಗುಂಪು ಒಡೆಯಿತು: ಅದರ ಮುಖ್ಯ ಸದಸ್ಯರನ್ನು 1984ರಲ್ಲಿ ಎಂಟೆರೊಕಾಕಸ್ ಎಂಬ ಬೇರೆ ಕುಲಕ್ಕೆ ಕಳಿಸಲಾಯಿತು. 1980ರವರೆಗೆ ಪ್ರಯೋಗಾಲಯದಲ್ಲಿ ದುಡಿದ ಲ್ಯಾನ್ಸ್‌ಫೀಲ್ಡ್ 1981ರ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು.

ವಂಶಾವಳಿಯೇ ಕೊನೆಯ ಮಾತೆಂದೂ ಹೇಳುವಂತಿಲ್ಲ. ಪ್ಲೇಗ್ ತರುವ ಯೆರ್ಸಿನಿಯಾ ಪೆಸ್ಟಿಸ್ ಮತ್ತು ಬಹುತೇಕ ಕರುಳಿನ ಬೇನೆಯಷ್ಟೇ ತರುವ ಯೆರ್ಸಿನಿಯಾ ಸ್ಯೂಡೊಟ್ಯೂಬರ್ಕ್ಯುಲೋಸಿಸ್ ಡಿಎನ್‌ಎ ಲೆಕ್ಕದಲ್ಲಿ ಒಂದೇ ಪ್ರಭೇದ. 1980ರಲ್ಲಿ ಪ್ಲೇಗಿನ ರೋಗಾಣುವನ್ನು ಎರಡನೆಯದರ ಉಪಪ್ರಭೇದವಾಗಿಸುವ ಪ್ರಸ್ತಾಪ ಬಂತು. ಬ್ಯಾಕ್ಟೀರಿಯಾಗಳ ಹೆಸರುಗಳ ಬಗ್ಗೆ ತೀರ್ಪು ಕೊಡುವ ಅಂತರರಾಷ್ಟ್ರೀಯ ಆಯೋಗ 1985ರಲ್ಲಿ ಅದನ್ನು ತಿರಸ್ಕರಿಸಿತು. ಪ್ರಸ್ತಾಪದ ವಿಜ್ಞಾನ ತಪ್ಪೆಂದಲ್ಲ. ಪ್ಲೇಗಿನ ಹೆಸರು ಮರೆಯಾದರೆ ವೈದ್ಯರು ಎಡವಿ ಜೀವಹಾನಿಯಾದೀತು ಎಂಬ ಕಾರಣಕ್ಕೆ.