ಪಾಠವನ್ನು ನೋಡಿದವರು ಯಾರು?

ಬೆಳ್ತಂಗಡಿ ತಾಲೂಕಿನ ಒಂದು ಪ್ರಾಥಮಿಕ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ಒಮ್ಮೆ ಇಂಗ್ಲಿಷ್ ಪಾಠ ನೋಡಿದ್ದೆ. ಕಲಿಸಲು ಬಂದವಳು ಬಿ.ಎಡ್. ವಿದ್ಯಾರ್ಥಿನಿ. ಇನ್, ಆನ್, ಅಂಡರ್ ಅಂದಿನ ಪಾಠ. ಪೆನ್ಸಿಲನ್ನು ಪೆಟ್ಟಿಗೆಯೊಳಗಿಟ್ಟು ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹುಡುಗನೊಬ್ಬ ಎದ್ದು "ಪೆನ್ಸಿಲ್ ಬಾಕ್ಸ್ ಇನ್" ಅಂದ. ತಪ್ಪು ಎನ್ನಲು ಬಾಯಿ ತೆರೆದವಳು ತಡೆದು ಕೇಳಿದಳು: "ಮನೆಯಲ್ಲಿ ಹೇಗೆ ಹೇಳುದು ನೀನು?" "ಬಾಕ್ಸ್‌ದ ಉಲಾಯಿ."

ತುಳುವಿನ ಉಲಾಯಿ ಹೆಸರಿನ ಹಿಂದೆ ಬರುತ್ತದೆ, ಕನ್ನಡದ ‘ಒಳಗೆ’ಯೂ ಹಾಗೆಯೇ. ಇಂಗ್ಲಿಷಿನ ‘ಇನ್’ ಮುಂದೆ ನಿಲ್ಲಬೇಕು. ಅವಳು ಇಬ್ಬರು ಮಕ್ಕಳನ್ನು ಎಬ್ಬಿಸಿ ಒಬ್ಬನಿಗೆ ‘ಬಾಕ್ಸ್’, ಒಬ್ಬಳಿಗೆ ‘ಇನ್’ ಎಂದು ಹೆಸರಿಟ್ಟು ಜಾಗ ಬದಲಿಸಿದಳು. ಹುಡುಗನ ಮುಖ ಅರಳಿತು. ಆಮೇಲೆ ಅವಳ ವೀಕ್ಷಣಾ ಹಾಳೆ ನನ್ನ ಕೈಗೆ ಬಂತು. ಪಾಠಯೋಜನೆ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ, ಎಲ್ಲಕ್ಕೂ ಅಂಕವಿತ್ತು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ಇಂಗ್ಲಿಷ್ ತರಗತಿಯಲ್ಲಿ ಅನ್ಯಭಾಷೆ ಬಳಸಲಾಗಿದೆ. ಅದಕ್ಕೆ ಅಂಕ ಕಳೆದಿದ್ದರು.

ಆ ಗಂಟೆಯ ಅತ್ಯುತ್ತಮ ಕ್ಷಣವೇ ಹಾಳೆಯಲ್ಲಿ ದೋಷವಾಗಿ ದಾಖಲಾಯಿತು. ಹಾಗಾದರೆ ಗುಣಮಟ್ಟ ಎಂದು ನಾವು ಅಳೆಯುತ್ತಿರುವುದು ಏನನ್ನು?

ಅಳೆಯುವವರಿಗೇನೂ ಕೊರತೆಯಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ 1993ರ ಕಾಯ್ದೆಯ ಬಲವಿದೆ. ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ಹುಟ್ಟಿದ ನ್ಯಾಕ್‌ನ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಶಿಕ್ಷಕರ ಶಿಕ್ಷಣ ಕುರಿತ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ, 2014ರ ನಿಯಮಗಳು ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ 20 ವಾರಗಳ ಶಾಲಾ ಅನುಭವವನ್ನು ಕಡ್ಡಾಯ ಮಾಡಿದವು. ಒಳ್ಳೆಯ ಹೆಜ್ಜೆಯೇ. ಆದರೆ 20 ವಾರ ಶಾಲೆಗೆ ಹೋದದ್ದಕ್ಕೆ ಹಾಜರಿ ಪುಸ್ತಕ ಸಾಕ್ಷಿ ಹೇಳುತ್ತದೆ, ಮಗು ಕಲಿತದ್ದಕ್ಕೆ ಅದು ಸಾಕ್ಷಿಯಾಗಲಾರದು.

ಈ ಕಾಯ್ದೆ, ನಿಯಮಗಳ ಅಂಗಳದ ಆಚೆ ಇನ್ನೊಂದು ಲೋಕವಿದೆ. ಮನೆಯಲ್ಲೇ ಕೂತು ಮೊಬೈಲಿನಲ್ಲಿ 120 ಗಂಟೆ ಮುಗಿಸಿದರೆ ‘ಅಂತಾರಾಷ್ಟ್ರೀಯ ಮಾನ್ಯತೆ’ಯ ಇಂಗ್ಲಿಷ್ ಶಿಕ್ಷಕ ಪ್ರಮಾಣಪತ್ರ. ಮಾನ್ಯತೆ ಕೊಟ್ಟವರು ಯಾರು ಎಂದು ಬೆನ್ನುಹತ್ತಿದರೆ ಇನ್ನೊಂದು ಮುದ್ರೆ, ಅದರ ಹಿಂದೆ ಮತ್ತೊಂದು. ಮುದ್ರೆಗೆ ಮುದ್ರೆಯೇ ಆಧಾರವಾದರೆ ಈ ಸರಪಳಿ ಎಲ್ಲೂ ನಿಲ್ಲುವುದಿಲ್ಲ. ಅದು ನಿಲ್ಲುವ ಜಾಗ ಒಂದೇ: ಒಬ್ಬರು ಪಾಠ ಮಾಡಿದರು, ಬಲ್ಲವರೊಬ್ಬರು ಕೂತು ನೋಡಿದರು. ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸಿಗೆ ಬೆಲೆ ಬಂದಿರುವುದೂ ಇದರಿಂದಲೇ. ಅಲ್ಲಿ ನಿಜವಾಗಿ ಕಲಿಯಲು ಬಂದವರ ಮುಂದೆ ಆರು ಗಂಟೆ ಕಲಿಸಲೇಬೇಕು, ಹೊರಗಿನ ಪರೀಕ್ಷಕರೂ ಬಂದು ನೋಡುತ್ತಾರೆ. ಆದರೆ ಅದು ವಯಸ್ಕರಿಗೆ ಕಲಿಸುವವರಿಗಾಗಿ ರೂಪಿಸಿದ್ದು. ನಮ್ಮ ಹುಡುಗನ ಉಲಾಯಿ ಅದಕ್ಕೂ ಗೊತ್ತಿಲ್ಲ.

ಕಣ್ಣಿನ ತೀರ್ಪಿಗೆ ಪಕ್ಷಪಾತ ಅಂಟುತ್ತದೆ, ಕಾಗದವಾದರೆ ಎಲ್ಲರಿಗೂ ಒಂದೇ ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕಲಾರೆ. ವಶೀಲಿ, ಜಾತಿ, ಮುಖದಾಕ್ಷಿಣ್ಯಗಳಿಂದ ಬಡವರ ಮಕ್ಕಳನ್ನು ಎಷ್ಟೋ ಸಲ ಕಾಪಾಡಿದ್ದು ಅಂಕಪಟ್ಟಿಯೇ. ಆದರೆ ಆ ಕೆಂಪು ಸಾಲನ್ನು ಬರೆದವರಲ್ಲಿ ಪಕ್ಷಪಾತವಿರಲಿಲ್ಲ, ನಮೂನೆ ಕೇಳಿದ್ದನ್ನು ಬರೆದರು. ನೋಡುವ ಕಣ್ಣು ಎರಡಾಗಲಿ, ಒಂದು ಹೊರಗಿನದಾಗಲಿ, ಏನನ್ನು ನೋಡುತ್ತೇವೆ ಎಂಬುದು ಮೊದಲೇ ಬಹಿರಂಗವಾಗಿರಲಿ.

ಹೀಗೆ ಕೂತು ನೋಡಿ ಅಳೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಯಕ್ಷಗಾನದ ಮೇಳದಲ್ಲಿ ಹುಡುಗರು ಪೂರ್ವರಂಗದ ಕೋಡಂಗಿಯಾಗಿ ಕುಣಿದು, ಬಾಲಗೋಪಾಲರಾಗಿ, ವರ್ಷಗಟ್ಟಲೆ ರಂಗದಲ್ಲೇ ಪಳಗಿ ಮೇಲಿನ ವೇಷಕ್ಕೆ ಏರುತ್ತಿದ್ದರು. ಭಾಗವತರು ಹಿಂದೆ ಕೂತು ನೋಡುತ್ತಿದ್ದರು, ಸಭೆ ಮುಂದೆ ಕೂತು ನೋಡುತ್ತಿತ್ತು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮೇಷ್ಟರೂ ಆಗಿದ್ದರು, ಶಾಲಾ ಇನ್‌ಸ್ಪೆಕ್ಟರೂ ಆಗಿದ್ದರು. ಮಕ್ಕಳಿಗಾಗಿ ಪದ್ಯ ಕಟ್ಟಿದ ಆ ತನಿಖಾಧಿಕಾರಿ ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ತಾನೂ ಕಲಿಯುವವನೆಂದು ತಿಳಿದ ಇಂಥ ಕಣ್ಣು ತರಗತಿಯ ಹಿಂದಿನ ಬೆಂಚಿನಲ್ಲಿ ಇರಬೇಕು.

ಅಂಥ ಕಣ್ಣು ಈಗಲೇ ಬೇಕು. ಬಂಟ್ವಾಳ ತಾಲೂಕಿನ ದಡ್ಡಲಕಾಡಿನ ಸರಕಾರಿ ಶಾಲೆ ಮುಚ್ಚುವ ಹಂತಕ್ಕೆ ಬಂದಾಗ ಊರವರೇ ಎತ್ತಿ ನಿಲ್ಲಿಸಿದರು. ಇಂಗ್ಲಿಷ್ ಕಲಿಕೆಯೂ ಸೇರಿದ ಮೇಲೆ ಮಕ್ಕಳು ನೂರರ ಲೆಕ್ಕದಲ್ಲಿ ಬಂದರು. ಅಪ್ಪ ಅಮ್ಮಂದಿರ ಈ ಇಂಗ್ಲಿಷಿನ ಆಸೆಗೆ ಉತ್ತರ ಕೊಡಬೇಕಾದವರು ಶಿಕ್ಷಕರು. ಅವರನ್ನು ತಯಾರು ಮಾಡುವ ಕಾಲೇಜುಗಳು ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ಇವೆ. ದೆಹಲಿಯ ಸುತ್ತೋಲೆಗೆ ಕಾಯುವುದು ಬೇಡ. ಒಂದು ಊರಿನ ಪಾಠ ನೋಡಲು ಇನ್ನೊಂದು ಊರಿನ ಅನುಭವಿ ಶಿಕ್ಷಕರನ್ನು ಕರೆಸಿ. ವೀಕ್ಷಣಾ ಹಾಳೆಯಲ್ಲಿ ಒಂದು ಕಾಲಂ ಹೆಚ್ಚು ಎಳೆಯಿರಿ: ಮಗು ಹಾಗೇಕೆ ಹೇಳಿತು ಎಂದು ಶಿಕ್ಷಕಿ ಕೇಳಿದಳೇ?