ಸಂಕೇತಕ್ಕೆ ಮೊದಲು ಏನಿತ್ತು?

ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಸಹಜವೋ, ಮನುಷ್ಯರು ಮಾಡಿಕೊಂಡದ್ದೋ ಎಂಬುದು ಭಾರತೀಯ ದರ್ಶನಗಳ ಹಳೆಯ ವಾದ. ಜೈಮಿನಿಯ ಮೀಮಾಂಸಾಸೂತ್ರ ಆ ನಂಟನ್ನು ಔತ್ಪತ್ತಿಕ, ಅಂದರೆ ಸಹಜ, ಎನ್ನುತ್ತದೆ. ಅದು ಯಾರೂ ಕಟ್ಟಿದ್ದಲ್ಲ. ಗೌತಮನ ನ್ಯಾಯಸೂತ್ರ ಇದನ್ನು ಒಪ್ಪದೆ, ಈ ಪದಕ್ಕೆ ಈ ಅರ್ಥ ಎಂಬ ಸಂಕೇತವೇ ನಂಟು ಎನ್ನುತ್ತದೆ. ವೇದ ಅಪೌರುಷೇಯವೋ ಈಶ್ವರನ ಮಾತೋ ಎಂಬ ದೊಡ್ಡ ಪ್ರಶ್ನೆ ಇದಕ್ಕೆ ತಳುಕು ಹಾಕಿಕೊಂಡಿದ್ದರಿಂದ ವಾದ ಶತಮಾನಗಟ್ಟಲೆ ನಡೆಯಿತು.

ಕಾರ್ಖಾನೆಯ ಸೀರಿಯಲ್ ತಂತಿ ಮೇಲ್ನೋಟಕ್ಕೆ ನೈಯಾಯಿಕರ, ಅಂದರೆ ನ್ಯಾಯದರ್ಶನದವರ, ಪರ ಸಾಕ್ಷಿ. ಹಳೆಯ ವಿದ್ಯುತ್ ಮೀಟರನ್ನು ನೆಟ್‌ವರ್ಕಿಗೆ ಸೇರಿಸುವ ಗೇಟ್‌ವೇಯಲ್ಲಿ ಮೊದಲು ತುಂಬಬೇಕಾದದ್ದು ಬಾಡ್ ರೇಟ್ (ಬಿಟ್ಟುಗಳ ವೇಗ), ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್. ಮೀಟರಿನಲ್ಲಿ ಏನಿದೆಯೋ ಇಲ್ಲೂ ಅದೇ ಇರಬೇಕು. ಮೀಟರ್ 9600ರ ವೇಗದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರವನ್ನು, ಅಂದರೆ 65 ಎಂಬ ಸಂಖ್ಯೆಯನ್ನು ಕಳಿಸಿತೆನ್ನೋಣ. ಗೇಟ್‌ವೇ 19200ರಲ್ಲಿದ್ದರೆ ಒಂದೊಂದು ಬಿಟ್ಟನ್ನೂ ಎರಡೆರಡು ಸಲ ಓದುತ್ತದೆ. ಅಕ್ಷರದ ಶುರುವನ್ನು ಸಾರುವ ಸ್ಟಾರ್ಟ್ ಬಿಟ್ಟಿನ ಉತ್ತರಾರ್ಧವನ್ನೇ ಅಕ್ಷರದ ಮೊದಲ ಬಿಟ್ ಎಂದುಕೊಳ್ಳುತ್ತದೆ. ಅದಕ್ಕೆ ಸಿಗುವುದು 6, ಜೊತೆಗೆ ಸ್ಟಾಪ್ ಬಿಟ್ ಇರಬೇಕಾದಲ್ಲಿ ಸೊನ್ನೆ ಬಂತೆಂಬ ಫ್ರೇಮಿಂಗ್ ದೋಷ. ತಂತಿಯ ಮೇಲಿನ ವೋಲ್ಟೇಜ್ ಒಂದಿಷ್ಟೂ ಕೆಟ್ಟಿಲ್ಲ, ಕೆಟ್ಟಿರುವುದು ಒಪ್ಪಂದ. ಆರ್‌ಎಸ್-485 ತಂತಿಜೋಡಿಯ 'ಎ', 'ಬಿ' ಗುರುತುಗಳೂ ಹೀಗೆಯೇ: ಒಬ್ಬ ತಯಾರಕ 'ಎ' ಎಂದ ತಂತಿಯನ್ನು ಇನ್ನೊಬ್ಬ 'ಬಿ' ಎಂದಿರುತ್ತಾನೆ.

ವಾಕ್ಯದಿಂದ ಅರ್ಥ ಹುಟ್ಟಲು ಆಕಾಂಕ್ಷೆ (ಪದಗಳ ಪರಸ್ಪರ ನಿರೀಕ್ಷೆ), ಯೋಗ್ಯತೆ (ಅರ್ಥಗಳ ಹೊಂದಿಕೆ), ಸನ್ನಿಧಿ ಬೇಕೆಂಬುದನ್ನು ಎರಡೂ ದರ್ಶನಗಳು ಒಪ್ಪುತ್ತವೆ. 1979ರಲ್ಲಿ ಮೋಡಿಕಾನ್ ಕಂಪನಿ ರೂಪಿಸಿದ, ಇಂಥ ಉಪಕರಣಗಳ ಮಾತುಕತೆಯ ಮೋಡ್‌ಬಸ್ ನಿಯಮಗಳಲ್ಲಿ ಕೊನೆಯ ಎರಡು ಬೇರೆ ವೇಷದಲ್ಲಿ ಕಾಣುತ್ತವೆ. ಪದಗಳ ನಡುವೆ ಹೊತ್ತು ಕಳೆದರೆ ವಾಕ್ಯವಾಗದು ಎಂಬುದು ಸನ್ನಿಧಿ; ಮೋಡ್‌ಬಸ್‌ನ ಆರ್‌ಟಿಯು ಎಂಬ ರೂಪದಲ್ಲಿ ಒಂದು ಸಂದೇಶದ ಅಕ್ಷರಗಳ ನಡುವೆ ಒಂದೂವರೆ ಅಕ್ಷರದ ಕಾಲಕ್ಕಿಂತ ಹೆಚ್ಚು ಅಂತರ ಬೀಳಬಾರದು, ಎರಡು ಸಂದೇಶಗಳ ನಡುವೆ ಕನಿಷ್ಠ ಮೂರೂವರೆ ಅಕ್ಷರದ ಮೌನ ಇರಬೇಕು. 9600ರ ವೇಗದಲ್ಲಿ ಆ ಮೌನ ಸುಮಾರು 4 ಮಿಲಿಸೆಕೆಂಡ್. 'ಬೆಂಕಿಯಿಂದ ತೋಯಿಸುತ್ತಾನೆ' ಎಂಬ ವಾಕ್ಯಕ್ಕೆ ವ್ಯಾಕರಣವಿದೆ, ಯೋಗ್ಯತೆಯಿಲ್ಲ. ಹಾಗೆಯೇ ತಪ್ಪಿಲ್ಲದೆ ತಲುಪಿದ ಸಂದೇಶವೂ ಮೀಟರಿನಲ್ಲಿ ಇಲ್ಲದ ರಿಜಿಸ್ಟರನ್ನು (ಅಳತೆ ಇಡುವ ಕೋಶವನ್ನು) ಕೇಳಿದರೆ ಮೀಟರ್ 2ನೇ ಸಂಖ್ಯೆಯ ಆಕ್ಷೇಪ ಕಳಿಸುತ್ತದೆ. ನಾಲ್ಕನೆಯದಾದ ತಾತ್ಪರ್ಯವನ್ನೂ (ಹೇಳುವವನ ಉದ್ದೇಶವನ್ನೂ) ಕೆಲವರು ಸೇರಿಸುತ್ತಾರೆ. ಸೈಂಧವ ತಾ ಎಂದರೆ ಊಟದ ಹೊತ್ತಿನಲ್ಲಿ ಉಪ್ಪು, ಪಯಣದ ಹೊತ್ತಿನಲ್ಲಿ ಕುದುರೆ. ಹದಿನಾರೂ ಬಿಟ್ಟುಗಳು ಒಂದಾಗಿರುವ ರಿಜಿಸ್ಟರ್ 65535 ಆಗಬಹುದು, −1 ಆಗಬಹುದು. ಯಾವುದೆಂದು ತಂತಿ ಹೇಳುವುದಿಲ್ಲ, ಮೀಟರಿನ ಕೈಪಿಡಿ ಹೇಳಬೇಕು.

ಆದರೆ ಮೀಮಾಂಸಕರ ಮುಖ್ಯ ಆಕ್ಷೇಪ ಇಲ್ಲಿಯವರೆಗೆ ಬಂದೇ ಇಲ್ಲ. ಸಂಕೇತ ಮಾಡಲೂ ಮಾತು ಬೇಕು. ಆ ಮಾತಿಗೆ ಅರ್ಥ ಕೊಟ್ಟವರು ಯಾರು? ಮೋಡೆಮ್ ಈ ಆಕ್ಷೇಪವನ್ನು ನಿಜ ಮಾಡಿ ತೋರಿಸುತ್ತದೆ. ವಿ.8 ಪದ್ಧತಿಯಲ್ಲಿ ಎರಡು ಫೋನ್ ಮೋಡೆಮ್‌ಗಳು ಯಾವ ವಿಧಾನದಲ್ಲಿ ಮಾತಾಡಬೇಕೆಂದು ಮೊದಲು ಚೌಕಾಸಿ ಮಾಡುತ್ತವೆ, ಆ ಚೌಕಾಸಿಯೇ ಸೆಕೆಂಡಿಗೆ 300 ಬಿಟ್ಟಿನ ಪೂರ್ವನಿಶ್ಚಿತ ಭಾಷೆಯಲ್ಲಿ ನಡೆಯುತ್ತದೆ. ಕಂಪ್ಯೂಟರ್ ಮೋಡೆಮ್‌ಗೆ ಕೊಡುವ ಹೇಯ್ಸ್ ಮಾದರಿಯ ಆದೇಶಗಳು ಸಾಮಾನ್ಯವಾಗಿ 'ಎಟಿ' ಎಂದು ಶುರುವಾಗುವುದು ಇನ್ನೂ ಸ್ವಾರಸ್ಯದ ಸಂಗತಿ. 'ಎ' ಅಕ್ಷರದಲ್ಲಿ ಸೊನ್ನೆಯಾದ ಸ್ಟಾರ್ಟ್ ಬಿಟ್ಟಿನ ಬೆನ್ನಿಗೇ ಒಂದು ಬರುತ್ತದೆ. ಆ ಒಂಟಿ ಸೊನ್ನೆಯ ಅಗಲ ಅಳೆದು ಮೋಡೆಮ್ ಆ ಕಂಪ್ಯೂಟರಿನ ವೇಗವನ್ನು ತಾನೇ ಕಂಡುಕೊಳ್ಳುತ್ತದೆ. ವೇಗ ಹೇಳಿಕೊಡುವವರು ಬೇಡ. ಆದರೂ ಮೊದಲು ಬರುವುದು 'ಎ' ಎಂಬುದು ಅದಕ್ಕೆ ಮುಂಚೆಯೇ ಗೊತ್ತಿರಬೇಕು.

ಮಗು ಕಲಿಯುವ ಬಗೆ ಇದಕ್ಕಿಂತ ಬೇರೆ. ಹಿರಿಯನೊಬ್ಬ ಹಸು ತಾ ಎನ್ನುತ್ತಾನೆ, ಇನ್ನೊಬ್ಬ ತರುತ್ತಾನೆ, ಮಗು ನೋಡಿ ತಿಳಿಯುತ್ತದೆ: ಮೀಮಾಂಸಕರು ಕೊಡುವ ವೃದ್ಧವ್ಯವಹಾರದ ಉದಾಹರಣೆ ಇದು. ಕನ್ನಡ, ತೆಲುಗು, ಉರ್ದು ಬೆರೆತ, ಜಹೀರಾಬಾದ್ ಬಳಿಯ ಮೊಗುಡಂಪಲ್ಲಿಯಂಥ ಗಡಿ ಊರಿನಲ್ಲಿ ಮಕ್ಕಳು ಬೇರೆ ಬೇರೆ ನುಡಿಗಳನ್ನು ಹೀಗೆಯೇ ಹಿಡಿಯುತ್ತಾರೆ. ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಗೆ, ತಾಂಡೂರು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಆ ದಿನ ಆಂಧ್ರಪ್ರದೇಶಕ್ಕೆ ಹೋದವು. ಈ ಗಡಿಗೆ ತಾರೀಖಿದೆ, ಮಾಡಿದ ಶಾಸನವಿದೆ. ಮೋಡ್‌ಬಸ್‌ಗೂ ಇಸವಿಯಿದೆ, ಕರ್ತೃವಿದ್ದಾನೆ. 'ಹಸು' ಎಂಬ ಪದಕ್ಕೆ ಎರಡೂ ಇಲ್ಲ. ಮೀಮಾಂಸಕರ ಬಲ ಇರುವುದು ಇಲ್ಲಿಯೇ: ಸಂಕೇತ ಮಾಡಿದವನು ಇದ್ದಿದ್ದರೆ ಅವನ ನೆನಪು ಉಳಿಯಬೇಕಿತ್ತು.

ನೆನಪಿಲ್ಲ ಎಂದ ಮಾತ್ರಕ್ಕೆ ಕರ್ತೃವೇ ಇರಲಿಲ್ಲ ಎನ್ನಲಾಗದು ಎಂಬ ನೈಯಾಯಿಕರ ಉತ್ತರ ಇನ್ನೂ ಗಟ್ಟಿ ಎನಿಸುತ್ತದೆ. ಕೈಪಿಡಿ ಕಳೆದುಹೋದ ಮೀಟರಿನ ವೇಗ, ಪ್ಯಾರಿಟಿ ಯಾರಿಗೂ ಗೊತ್ತಿರುವುದಿಲ್ಲ. ತಂತ್ರಜ್ಞ 2400, 4800, 9600 ಎಂದು ಒಂದೊಂದಾಗಿ ಇಟ್ಟು, ಪ್ರತಿ ವೇಗಕ್ಕೂ ಸಮ, ಬೆಸ, ಯಾವುದೂ ಇಲ್ಲ ಎಂಬ ಮೂರು ಪ್ಯಾರಿಟಿಗಳನ್ನು ಹೊಂದಿಸಿ, ಸರಿಯಾದ ಉತ್ತರ ಬರುವವರೆಗೆ ಕೇಳುತ್ತಾನೆ. ಅವನು ಹುಡುಕುತ್ತಿರುವುದು ಹೆಸರು ಮರೆತುಹೋದ ಯಾರೋ ಒಬ್ಬರು ಎಂದೋ ಮಾಡಿಟ್ಟ ಆಯ್ಕೆಯನ್ನು.